ಏಳು ಗಂಟೆ ಎಂದು ಬರೆದವನು

ಪಾಟೀಲರೇ, ಲಿಂಗಂಪಲ್ಲಿಗೆ ಹೋದ ಪೋಸ್ಟರುಗಳ ಮೇಲೆ ತಪ್ಪು ವೇಳೆ ಬರೆದವನು ನಾನು. ಕೈತಪ್ಪಿ ಅಲ್ಲ — ಗೊತ್ತಿದ್ದೇ ಬರೆದೆ. ನಿಮ್ಮ ನಾಟಕ ಐದೂವರೆಗೆ ಶುರುವಾಗುತ್ತದೆಂದು ತಿಳಿದಿದ್ದೂ ಏಳು ಗಂಟೆ ಎಂದು ಬರೆದೆ. ಆಮೇಲೆ ಆ ತಪ್ಪನ್ನು ಮಲ್ಲವ್ವನ ತಲೆಗೆ ಕಟ್ಟಿದೆ. ಎಂಟು ವರ್ಷದಿಂದ ನೀವೂ ನಮ್ಮ ಕನ್ನಡ ಸಂಘದವರೂ ಅದನ್ನೇ ನಂಬಿಕೊಂಡು ಬಂದಿದ್ದೀರಿ.

ಇದನ್ನು ಓದಿ ನಿಮಗೆ ನನ್ನ ಮೇಲೆ ಮರುಕ ಹುಟ್ಟಲಿ ಎಂದು ಬರೆಯುತ್ತಿಲ್ಲ. ನೀವು ನನಗೆ ಆಗ ಹಿಡಿಸುತ್ತಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಮೊನ್ನೆ ಕೂಕಟ್‌ಪಲ್ಲಿಯ ಮೆಟ್ರೋ ಮೆಟ್ಟಿಲ ಮೇಲೆ ನಿಮ್ಮನ್ನು ಕಂಡು ಮುಖ ತಿರುಗಿಸಿದೆನಲ್ಲ, ಅದು ನಾಚಿಕೆಯಿಂದಲ್ಲ. ಸಿಟ್ಟಿನಿಂದ. ಆ ಸಿಟ್ಟು ನನ್ನ ಬಳಿ ಹಾಗೇ ಇದೆ. ಆದರೆ ಸಿಟ್ಟು ನಿಮ್ಮ ಮೇಲಿತ್ತು, ಪೆಟ್ಟು ಬಿದ್ದದ್ದು ಬೇರೆಯವರಿಗೆ — ಇಷ್ಟು ವರ್ಷ ನಾನು ನೋಡದೆ ಉಳಿದದ್ದು ಇದನ್ನೇ.

ಕುಷಾಯಿಗೂಡದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ನಕ್ಷೆ ಎಳೆದವನು ನಾನು. ಸ್ಕೇಲು ಪಕ್ಕಕ್ಕಿಟ್ಟು ಕೈಯನ್ನು ಅದರ ಪಾಡಿಗೆ ಬಿಡಲು ನನಗೆ ಸಿಗುತ್ತಿದ್ದದ್ದು ಸಂಘದ ನಾಟಕಗಳ ಪೋಸ್ಟರ್ ಒಂದೇ. ಅಚ್ಚಿಗೆ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಅಂದರೆ ಒಂದು ಜಾಲರಿಯ ಚೌಕಟ್ಟು; ಖರ್ಚಿನ ಲೆಕ್ಕದಲ್ಲಿ ಎರಡು ಬಣ್ಣ ದಾಟುವಂತಿಲ್ಲ. ಆಟೋದಲ್ಲಿ ಹೋಗುವವನ ಕಣ್ಣು ಒಂದು ಕ್ಷಣ ನಿಲ್ಲಬೇಕು, ಈ ತೆಲುಗು ಊರಿನಲ್ಲಿ ಬೆಳೆದು ಕನ್ನಡ ಸರಿಯಾಗಿ ಓದಲು ಬಾರದ ನಮ್ಮ ಮಕ್ಕಳಿಗೂ ಏನೋ ನಡೆಯಲಿದೆ ಎನ್ನಿಸಬೇಕು. ಕೆಳಗೆ ನಾಲ್ಕು ಬೆರಳಗಲದ ಪಟ್ಟಿಯನ್ನು ಖಾಲಿ ಬಿಟ್ಟು ಅಚ್ಚು ಹಾಕಿಸುತ್ತಿದ್ದೆವು. ಯಾವ ಹಾಲ್, ಎಷ್ಟು ಗಂಟೆಗೆ ಎಂಬುದು ಕೊನೆಯ ವಾರದವರೆಗೂ ಗಟ್ಟಿಯಾಗುತ್ತಿರಲಿಲ್ಲವಲ್ಲ. ಆ ಪಟ್ಟಿಯನ್ನು ನಾನೇ ಕೂತು ಬ್ರಷ್ಷಿನಿಂದ ಒಂದೊಂದಾಗಿ ತುಂಬುತ್ತಿದ್ದೆ. ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ನಿಮ್ಮ ನಾಟಕ ಕಟ್ಟಡದ ಕೂಲಿ ಹೆಂಗಸರ ಬಗ್ಗೆ. ಮುಖ್ಯ ಪಾತ್ರಕ್ಕೆ ನೀವು ಲಿಂಗಂಪಲ್ಲಿಯಿಂದ ಮಲ್ಲವ್ವನನ್ನು ಕರೆತಂದಿರಿ — ಯಾದಗಿರಿ ಕಡೆಯವಳು, ಸಿಮೆಂಟಿನ ಬುಟ್ಟಿ ಹೊರುವವಳು. ಓದು ಬಾರದು. ಮಾತುಗಳನ್ನೆಲ್ಲ ಕೇಳಿ ಕೇಳಿಯೇ ಕಲಿತಳು. ಅವಳು ಬಾಯಿ ತೆರೆದರೆ ನಮ್ಮ ಬ್ಯಾಂಕಿನ, ಕಚೇರಿಯ ನಟರೆಲ್ಲ ಪಾಠ ಒಪ್ಪಿಸುವ ಮಕ್ಕಳಂತೆ ಕಾಣುತ್ತಿದ್ದರು. ಅವಳನ್ನು ಹುಡುಕಿದ್ದು ನಿಮ್ಮ ಕಣ್ಣು. ಅಷ್ಟನ್ನು ಒಪ್ಪುತ್ತೇನೆ.

ಅವಳಿಗೆ ಇದ್ದದ್ದು ಒಂದೇ ಆಸೆ. ಚಹಾದ ಹೊತ್ತಿನಲ್ಲಿ ನನಗೇ ಹೇಳಿದ್ದಳು: "ನಮ್ಮ ಮಂದಿ ಬರಬೇಕ್ರಿ ಸರ. ಗೌಂಡಿ ಕೆಲಸ ಬಿಟ್ಟು ಕುಣಿಯಾಕ ಹೋಗ್ಯಾಳ ಅಂತ ಆಡಿಕೋತಾರ. ನಾ ಏನ ಮಾಡಾಕತ್ತೀನಿ ಅಂತ ಒಮ್ಮೆ ಕಣ್ಣೀಲೆ ನೋಡ್ಲಿ."

ಪೋಸ್ಟರಿಗೆ ನಾನು ಬರೆದದ್ದು ಅವಳ ಎರಡು ಕೈಗಳನ್ನು. ಮೇಲೆ ಬುಟ್ಟಿಯ ಕಪ್ಪು ವೃತ್ತ, ಅದನ್ನು ಹಿಡಿದ ಬೆರಳುಗಳು, ಮುಖವಿಲ್ಲ. ನಾನು ಬರೆದವುಗಳಲ್ಲೆಲ್ಲ ಒಳ್ಳೆಯದು ಅದೇ — ಇದನ್ನು ಹೇಳಿಕೊಳ್ಳುವ ಅಹಂಕಾರ ನನಗಿನ್ನೂ ಉಳಿದಿದೆ. ನೀವೇನು ಮಾಡಿದಿರಿ? ಎಲ್ಲರ ಎದುರು ಅದನ್ನು ಎತ್ತಿ ಹಿಡಿದು, ಮೂಲೆಯಲ್ಲಿದ್ದ ನನ್ನ ಸಹಿಯ ಮೇಲೆ ಹೆಬ್ಬೆರಳಿಟ್ಟಿರಿ.

"ಹಿರೇಮಠರ, ಪೋಸ್ಟರ್ ಅಂದ್ರ ಬಸ್ಸಿನ ಬೋರ್ಡ್ ಇದ್ದಂಗ. ಎಲ್ಲಿಗೆ, ಎಷ್ಟಕ್ಕ — ಅಷ್ಟ ಸಾಕು. ಅದರ ಮ್ಯಾಲ ಡ್ರೈವರ ಸಹಿ ಮಾಡ್ತಾನೇನ್ರಿ?"

ಎಲ್ಲರೂ ನಕ್ಕರು. ಅಚ್ಚಾಗಿ ಬಂದ ಪೋಸ್ಟರಿನಲ್ಲಿ ನನ್ನ ಸಹಿ ಇರಲಿಲ್ಲ. ಆ ಜಾಗದಲ್ಲಿ ನಿಮ್ಮ ಹೆಸರು, ದಪ್ಪ ಅಕ್ಷರದಲ್ಲಿ.

ಗುರುವಾರ ನೀವು ಫೋನ್ ಮಾಡಿದಿರಿ. ಏಳಕ್ಕೆ ಎಂದುಕೊಂಡಿದ್ದ ನಾಟಕವನ್ನು ಐದೂವರೆಗೆ ತರಬೇಕಾಗಿದೆ, ಆಮೇಲೆ ಹಾಲ್ ಬೇರೆಯವರಿಗೆ ಕೊಟ್ಟಿದ್ದಾರೆ, ಪಟ್ಟಿಯಲ್ಲಿ ಹಾಗೇ ಬರೆಯಿರಿ ಎಂದಿರಿ. "ಹೂಂ" ಎಂದೆ. ಸಂಘದವರಿಗೆ ಸುದ್ದಿ ಮೊಬೈಲಿನಲ್ಲಿ ಹೋಗುತ್ತದೆ. ಪೋಸ್ಟರನ್ನು ನಂಬಿ ಬರುವವರು ಲಿಂಗಂಪಲ್ಲಿಯ ಕೂಲಿಯವರು ಮಾತ್ರ — ಅಲ್ಲಿ ಓದು ಬಂದವನೊಬ್ಬ ಗೋಡೆಯ ಮುಂದೆ ನಿಂತು ಓದಿದರೆ ಐವತ್ತು ಜನ ಕೇಳಿಸಿಕೊಳ್ಳುತ್ತಾರೆ. ಅವರನ್ನೇ ನೆಚ್ಚಿಕೊಂಡು ನೀವು ಹಾಲ್ ತುಂಬುತ್ತದೆ, ನಿಲ್ಲಲು ಜಾಗವಿರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಿರಿ. ಬಸ್ಸಿನ ಬೋರ್ಡಿಗೆ ಎಷ್ಟು ಶಕ್ತಿ ಇದೆ ನೋಡಿ, ಎಂದುಕೊಂಡೆ. ಕೂತು, ಒಂದು ಅಕ್ಷರವೂ ಅಲುಗದಂತೆ, ಅಷ್ಟೂ ಹಾಳೆಗಳ ಮೇಲೆ ಏಳು ಗಂಟೆ ಎಂದು ಬರೆದೆ. ಎಷ್ಟು ಚೆಂದಾಗಿ ಬರೆದೆನೆಂದರೆ — ಬೇಡ.

ಆ ವಾರವೆಲ್ಲ ಮಲ್ಲವ್ವ ತಾಲೀಮಿಗೆಂದು ನಿಮ್ಮ ಮನೆಯಲ್ಲೇ ಇದ್ದಳು. ಶುಕ್ರವಾರ ನನ್ನ ಮನೆಗೆ ಬಂದು ಕಟ್ಟು ತೆಗೆದುಕೊಂಡು ಲಿಂಗಂಪಲ್ಲಿಗೆ ಹೋದಳು, ಅವಳೇ ಗೋಡೆಗಳಿಗೆ ಅಂಟಿಸಿ ಬಂದಳು. ವೇಳೆ ಕಾಗದದಲ್ಲಿದೆ, ಓದಿಸಿಕೊಳ್ಳಿ ಎಂದು ತನ್ನವರಿಗೆ ಹೇಳಿದ್ದಳಂತೆ.

ಭಾನುವಾರ ಐದೂವರೆಗೆ ಹಾಲ್‌ನಲ್ಲಿದ್ದವರು ಮೂವತ್ತು ಜನ. ಪರದೆ ಸರಿದಾಗ ಅವಳು ಮೊದಲು ಕುರ್ಚಿಗಳನ್ನು ನೋಡಿದಳು. ಸಾಲಿನಿಂದ ಸಾಲಿಗೆ ಅವಳ ಕಣ್ಣು ಹಿಂದಕ್ಕೆ ಹೋಗಿ, ಬಾಗಿಲ ತನಕ ಹೋಗಿ, ಮರಳಿ ಬಂತು. ಆಮೇಲೆ ಮಾತು ಶುರುಮಾಡಿದಳು. ನಾನು ಗೆದ್ದೆ ಎನ್ನಿಸಬೇಕಿತ್ತು. ಸುಳ್ಳು ಹೇಳುವುದಿಲ್ಲ — ಮೊದಲ ಹತ್ತು ನಿಮಿಷ ಅನ್ನಿಸಿತು ಕೂಡ.

ನಾಟಕ ಮುಗಿದು ನಾವು ಹೊರಗೆ ನಿಂತಿದ್ದಾಗ ಅವರು ಬಂದರು. ರೈಲಿನಲ್ಲಿ, ಬಸ್ಸಿನಲ್ಲಿ, ಮಕ್ಕಳುಮರಿ ಕಟ್ಟಿಕೊಂಡು, ಒಗೆದ ಬಟ್ಟೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು. ನೂರರ ಮೇಲಿದ್ದರು. ಒಳಗೆ ಬೇರೆ ಯಾರದೋ ಸಮಾರಂಭಕ್ಕೆ ಹೂವು ಕಟ್ಟುತ್ತಿದ್ದರು, ಕಾವಲಿನವನು ಇವರನ್ನು ಮೆಟ್ಟಿಲಿಂದ ಕೆಳಗಿಳಿಸಿದ. ಬಣ್ಣ ಅಳಿಸದ ಮುಖದಲ್ಲೇ ಮಲ್ಲವ್ವ ಹೊರಗೆ ಬಂದಳು. ಗುಂಪಿನಲ್ಲಿ ಒಬ್ಬ ಮುದುಕ ಅವಳಿಗೆ ಹೇಳಿದ, "ನಮ್ಮನ್ನ ಮಂಗ್ಯಾ ಮಾಡಾಕ ಕರಿಸಿದ್ದೇನಬೇ?"

ನೀವು ನನ್ನತ್ತ ತಿರುಗಿದಿರಿ. ಆಗಲೂ ಹೇಳಬಹುದಿತ್ತು. ನಾನು ಅಂದದ್ದು ಇದು:

"ನನ್ನ ಮನ್ಯಾಗ ಎರಡು ಕಟ್ಟು ಇದ್ವು. ಐದೂವರಿ ಅಂತ ಬರದ ಹೊಸಾದ ಬಿಟ್ಟು, ಏಳು ಅಂತಿದ್ದ ಹಳೇದ ಎತ್ತಿಕೊಂಡು ಹೋಗ್ಯಾಳ. ಓದಾಕ ಬರಂಗಿಲ್ಲಲ್ಲ, ಏನ ಮಾಡ್ತಾಳ, ಪಾಪ."

ಆ 'ಪಾಪ' ಎಂಬುದನ್ನೂ ಸೇರಿಸಿದೆ. ನೀವು, ಅವಳ ಜನರೆಲ್ಲ ಕೇಳುವಂತೆ, "ಓದು ಬರಲಾರದವರನ್ನ ನಂಬಿದ್ದು ನನ್ನ ತಪ್ಪು" ಎಂದಿರಿ. ಆ ಮಾತು ನಿಮ್ಮದು, ಅದನ್ನು ನೀವೇ ಹೊತ್ತುಕೊಳ್ಳಿ. ಆದರೆ ಅದನ್ನು ನಿಮ್ಮ ಬಾಯಿಗೆ ತಂದಿಟ್ಟವನು ನಾನು. ಮಲ್ಲವ್ವ ಮತ್ತೆ ರಂಗದ ಮೇಲೆ ಹತ್ತಲಿಲ್ಲ. ನೀವು ಕರೆಯಲಿಲ್ಲ, ಅವಳು ಬರಲಿಲ್ಲ.

ಹೋದ ತಿಂಗಳು ಲಿಂಗಂಪಲ್ಲಿ ನಿಲ್ದಾಣದ ಹೊರಗೆ ಸಿಕ್ಕಳು. ಮೆಕ್ಕೆಜೋಳ ಸುಟ್ಟು ಮಾರುತ್ತಾಳೆ ಈಗ, ಸೊಂಟ ಹಿಡಿದಿದೆಯಂತೆ. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹೇಳಿದರೆ ಹಗುರಾಗುತ್ತೇನೆ ಎಂಬ ಲೆಕ್ಕ ಇತ್ತೇನೋ — ಇತ್ತು. ಅವಳು ಬೀಸಣಿಗೆ ಬೀಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ. ನಿಮ್ಮ ಮನ್ಯಾಗ ಅವತ್ತ ಇದ್ದದ್ದು ಒಂದ ಕಟ್ಟು. ನೀವ ಎತ್ತಿ ನನ್ನ ತಲಿ ಮ್ಯಾಲ ಇಟ್ರಿ. ಓದಾಕ ಬರಂಗಿಲ್ಲ ಖರೆ. ಒಂದ್ಯಾವುದು, ಎರಡ್ಯಾವುದು ಅಂತ ತಿಳಿಯಂಗಿಲ್ಲೇನ್ರಿ?"

ಆಗ ಯಾಕೆ ಹೇಳಲಿಲ್ಲ ಎಂದೆ. ಎಂಥ ಪ್ರಶ್ನೆ ಅದು.

"ಯಾರ ನಂಬ್ತಿದ್ರು?" ಅಂದಳು. ಆಮೇಲೆ ಗಿರಾಕಿಯೊಬ್ಬನಿಗೆ ತೆನೆ ಕೊಟ್ಟು, ನನ್ನ ಕಡೆ ನೋಡದೆ ಹೇಳಿದಳು: "ನನಗ ಹೇಳಿ ಏನ ಮಾಡ್ತೀರಿ? ಅವತ್ತ ಯಾರ ಮುಂದ ಅಂದ್ರಿ, ಅವ್ರ ಮುಂದ ಹೇಳ್ರಿ. ನನ್ನ ಹತ್ರ ಮತ್ತ ಬರಬ್ಯಾಡ್ರಿ."

ಅವಳ ಮುಂದೆ ನಿಂತಿದ್ದ ಆ ಜನರಲ್ಲಿ ಅರ್ಧದಷ್ಟು ಮಂದಿ ಈಗ ಎಲ್ಲಿದ್ದಾರೋ ತಿಳಿಯದು. ಕಟ್ಟಡ ಮುಗಿದಂತೆ ಬೇರೆ ಊರು ಹಿಡಿದಿದ್ದಾರೆ, ಮಲ್ಲವ್ವ ತಮ್ಮನ್ನು ನಗೆಗೀಡು ಮಾಡಿದಳೆಂಬ ನೆನಪನ್ನು ಜೊತೆಗೇ ಒಯ್ದಿದ್ದಾರೆ. ಅವರನ್ನು ನಾನು ತಲುಪಲಾರೆ. ಲಿಂಗಂಪಲ್ಲಿಯಲ್ಲಿ ಉಳಿದವರ ಮನೆಗಳಿಗೆ ಹೋಗಿ ಬರುತ್ತಿದ್ದೇನೆ. ಒಬ್ಬಳು ಬಾಗಿಲು ಹಾಕಿಕೊಂಡಳು, ಒಬ್ಬ ಬೈದ. ಇನ್ನೂ ಮನೆಗಳಿವೆ.

ಈ ಭಾನುವಾರ ಸಂಘದ ಸಭೆಯಲ್ಲಿ ಇದನ್ನು ನಾನೇ ಎದ್ದು ನಿಂತು ಓದುತ್ತೇನೆ. ಆ ದಿನ ಖಾಲಿ ಕುರ್ಚಿಗಳ ಮುಂದೆ ಅವಳು ಎಂಥ ಅಭಿನಯ ಮಾಡಿದಳೆಂಬುದನ್ನೂ ಹೇಳುತ್ತೇನೆ. ನೋಡಿದವರು ನಾವು ಮೂವತ್ತು ಜನ, ಪಾಟೀಲರೇ, ಒಬ್ಬರೂ ಅವಳಿಗೆ ಒಂದು ಮಾತು ಹೇಳಿರಲಿಲ್ಲ. ನೀವು ಎದ್ದು ಹೋಗುವುದಾದರೆ ಹೋಗಿ. ನಾನು ಓದಿ ಮುಗಿಸುತ್ತೇನೆ.