ಬರೆಯದೆ ಉಳಿದ ವಾಕ್ಯ

ಘಟಪ್ರಭೆಯನ್ನು ಆಗ ನಾವು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮೂರು ದಡ್ಡಿಯಲ್ಲಿ ಅದು ಬರೀ ಹೊಳೆ. ಮಳೆಗಾಲವೆಂದರೆ ಒದ್ದೆ ಗೋಣಿಚೀಲದ ವಾಸನೆ, ಕೆಂಡದಲ್ಲಿ ಸುಟ್ಟ ಗೊಂಜಾಳದ ತೆನೆ, ಕೊಟ್ಟಿಗೆಯ ಕಟ್ಟೆಯ ಮೇಲೆ ನಾವು ಆಡುತ್ತಿದ್ದ ಆಣಿಕಲ್ಲಿನ ಆಟ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಅಂಥದೇ ಮಳೆಯಲ್ಲಿ ನಮ್ಮ ಎಮ್ಮೆ ಚಂದ್ರಿ ಕರು ಹಾಕಿತು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಅದಕ್ಕೆ ಆ ಹೆಸರಿಟ್ಟವಳು ಆಯಿ, ನನ್ನ ಅಪ್ಪನ ತಾಯಿ. ಮನೆ ತುಂಬ ಗಿಣ್ಣದ, ಏಲಕ್ಕಿಯ ಪರಿಮಳ. ಅದೇ ವಾರ ಮಾಸ್ತರರು ಲೈವ್‌ಸ್ಟಾಕ್ ಎಂಬ ಶಬ್ದ ಕಲಿಸಿದ್ದರು. ಒಕ್ಕಲುತನದಲ್ಲಿ ಉಪಯೋಗಕ್ಕೂ ಲಾಭಕ್ಕೂ ಸಾಕುವ ಪ್ರಾಣಿಗಳು ಎಂದು ಅರ್ಥ ಬರೆಸಿ, ಅದನ್ನು ಬಳಸಿ ಸ್ವಂತ ವಾಕ್ಯ ಬರೆದುಕೊಂಡು ಬರಲು ಹೇಳಿದ್ದರು. ಸಂಜೆ ಹಾಲು ಹಿಂಡುತ್ತಿದ್ದ ಆಯಿಗೆ ನಾನು ಪಾಠ ಒಪ್ಪಿಸಿದೆ.

“ಅದರಾಗ ಚಂದ್ರಿ ಬಂತೇನ?”

“ಬಂತು.”

“ಆಡು?”

“ಅದೂ ಬಂತು. ಕೋಳಿನೂ ಬಂತು.”

“ಎಲ್ಲಾಕೂ ಒಂದ ಹೆಸರಿಟ್ರ, ಕರದಾಗ ಯಾವದು ಓ ಅನ್ನಬೇಕವಾ?”

ಆಯಿ ನಕ್ಕಳು. ಚಂದ್ರಿ ಬಾಲ ಬೀಸಿ ಅವಳ ಕೆನ್ನೆಗೆ ಸಗಣಿ ಸಿಡಿಸಿತು. ನಕ್ಕು ನಕ್ಕು ನನ್ನ ವಾಕ್ಯ ಅಂದು ಉಳಿದೇಹೋಯಿತು.

ಮರುದಿನ ಹೊಳೆ ಊರೊಳಗೆ ಬಂತು. ಹೆಂಗಸರನ್ನೂ ಮಕ್ಕಳನ್ನೂ ಟ್ರ್ಯಾಕ್ಟರಿನಲ್ಲಿ ಊರ ಈಚೆಗಿನ ಎತ್ತರದ ಶಾಲೆಗೆ ಸಾಗಿಸಿದರು. ದನಗಳನ್ನು ಅಪ್ಪನ ತಮ್ಮ ಕಾಕಾ ಮತ್ತು ಓಣಿಯ ಗಂಡಸರು ಊರ ಆಚೆಗಿನ ದಿನ್ನೆಗೆ ಹೊಡೆದುಕೊಂಡು ಹೋದರು. ಎಳೆಗರು ಮಳೆಯಲ್ಲಿ ನಡೆಯಲಾರದೆಂದು ಆಯಿ ಅದನ್ನು ತಾನು ಉಡುತ್ತಿದ್ದ ಹಳೆಯ ಪತ್ತಲದಲ್ಲಿ ಸುತ್ತಿ ನಮ್ಮ ಜೊತೆ ಟ್ರ್ಯಾಕ್ಟರಿಗೇರಿಸಿದಳು. ಈದ ಎಮ್ಮೆಯನ್ನು ಎಲ್ಲಿಗೇ ಒಯ್ಯಲಿ, ಕರು ಅದರ ಕಣ್ಣ ಮುಂದಿರಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು. ಆ ಗಡಿಬಿಡಿಯಲ್ಲಿ ಆಯಿಗೆ ಕರು ತೊಯ್ಯಬಾರದೆಂಬುದೊಂದೇ ನೆನಪಿತ್ತು.

ಶಾಲೆಯಲ್ಲಿ ಕರು ನನಗೆ ಒತ್ತಿಕೊಂಡು ಮಲಗಿತ್ತು. ಅದರ ಉಸಿರಿಗೆ ಹಾಲಿನ ವಾಸನೆ. ಹಿಂಡುವ ಹೊತ್ತಾದಂತೆ ಅದು ಕೂಗತೊಡಗಿತು. ಆಯಿ ಎದ್ದು ವರಾಂಡದ ತುದಿಗೆ ಹೋಗಿ ದಿನ್ನೆಯ ಕಡೆ ನೋಡುತ್ತ ನಿಂತಳು. ನಡುವೆ ಊರು, ಊರ ತುಂಬ ನೀರು. “ಚಂದ್ರೀ” ಎಂದು ಒಮ್ಮೆ ಕರೆದಳು. ಅಷ್ಟು ದೂರ ಕೇಳುವಂತಿರಲಿಲ್ಲ.

ಬೆಳಿಗ್ಗೆ ಕಾಕಾ ಸುತ್ತು ಹಾಕಿಕೊಂಡು ಬಂದ. ಆಯಿಯ ಮುಖ ನೋಡದೆ ಗೋಡೆಯ ಕಡೆ ತಿರುಗಿ ಹೇಳಿದ.

“ದಿನ್ನಿ ಮ್ಯಾಲ ಸುಮ್ನ ನಿಂತಿತ್ತವ್ವಾ. ಹಿಂಡೂ ಹೊತ್ತಿಗೆ ಮನಿ ಕಡೆ ತಿರುಗಿತು. ಎಷ್ಟ ಹಿಡದ್ರೂ ನಿಲ್ಲಲಿಲ್ಲ.”

ಚಂದ್ರಿ ಕರುವನ್ನು ಹುಡುಕಿಕೊಂಡು ಕೊಟ್ಟಿಗೆಗೆ ಹೊರಟಿತ್ತು. ಓಣಿಯ ಸೆಳವು ಅದನ್ನು ಎಳೆದೊಯ್ದಿತ್ತು.

ಆಯಿ ಅಳಲಿಲ್ಲ. “ಕರಾ ಮುಂದ ಬಿಡಬೇಕಿತ್ತು,” ಎಂದಷ್ಟೇ ಅಂದಳು.

ನೀರಿಳಿದ ಮೇಲೆ ಊರ ಹಾನಿ ವಿಚಾರಿಸಲು ಪೇಟೆಯಿಂದ ಒಬ್ಬರು ಬಂದರು. ನಿಮ್ಮ ಲೈವ್‌ಸ್ಟಾಕ್ ಏನೇನು ಹೋಯಿತು ಎಂದು ಕೇಳಿದರು. ಹಿರಿಯರು ಮುಖ ಮುಖ ನೋಡಿಕೊಂಡರು. ಆಯಿಗೆ ಆ ಶಬ್ದ ಗೊತ್ತಿತ್ತು.

“ಚಂದ್ರಿ ಹೋತ್ರಿ,” ಎಂದಳು.

ಪೇಟೆಯವರು ಇನ್ನೂ ಕಾಯುತ್ತಿದ್ದರು. “ಎಮ್ಮಿರಿ,” ಎಂದು ಕಾಕಾ ಸೇರಿಸಿದ.

ಹಾಲಲ್ಲಿ ಅದ್ದಿದ ಬೆರಳು ಚೀಪಿಸಿ ಆಯಿ ಕರುವನ್ನು ಬದುಕಿಸಿದಳು. ಬಲಿತ ಮೇಲೆ ಹುಕ್ಕೇರಿಯ ಅತ್ತೆಯ ಮನೆಗೆ ಕಳಿಸಿಬಿಟ್ಟಳು. ಅದಕ್ಕೆ ಹೆಸರಿಡಲಿಲ್ಲ. ಸಂಜೆಯಾದರೆ ಹಾಲಿನ ಚರಿಗೆ ತೊಳೆದು ಬೋರಲು ಹಾಕುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಈಗ ಆಯಿ ಇಲ್ಲ. ದಡ್ಡಿಯ ನಮ್ಮ ಹೊಸ ಮನೆಗೆ ಕೊಟ್ಟಿಗೆಯೂ ಇಲ್ಲ. ನಾನು ಗೋಕಾಕದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಶಬ್ದ ಬಂದಾಗ ಮಾಸ್ತರರು ಬರೆಸಿದ ಅರ್ಥವನ್ನೇ ಬರೆಸುತ್ತೇನೆ. ಅರ್ಥ ಸರಿಯಾಗಿಯೇ ಇದೆ. ಮಕ್ಕಳು ತಲೆಬಗ್ಗಿಸಿ ಬರೆದುಕೊಳ್ಳುತ್ತಾರೆ. ಕರೆದರೆ ಯಾವುದು ಓ ಅನ್ನಬೇಕೆಂದು ಅವರಲ್ಲಿ ಯಾರೂ ಕೇಳುವುದಿಲ್ಲ. ಕರೆಯಲು ಅವರ ಮನೆಗಳಲ್ಲಿ ದನಗಳಿಲ್ಲ. ಬೇರೆ ಶಬ್ದಗಳಿಗೆಲ್ಲ ಸ್ವಂತ ವಾಕ್ಯ ಬರೆಯಿರಿ ಎನ್ನುತ್ತೇನೆ. ಇದೊಂದಕ್ಕೆ ಪುಸ್ತಕದ ವಾಕ್ಯವನ್ನೇ ಓದಿ ಮುಂದಕ್ಕೆ ಹೋಗುತ್ತೇನೆ.