ಎಣ್ಣೆ ಕುಡಿದ ಪೈಪು

ಕಟ್ಟೆಮಳಲವಾಡಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಕರೆ ಬರುವುದು ವಿಮಲಮ್ಮನಿಗೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕಿ ನೀರು ಹಾಕಿದಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ಸಂಜೆಯವರೆಗೆ ಕಣ್ಣು ಬಿಡುವುದಿಲ್ಲ. ಗಂಡ ಜವರಯ್ಯನಿಗೆ ಒಳಗೊಳಗೇ ಹೆಮ್ಮೆ. ಬಾಯಿಬಿಟ್ಟು ಒಂದು ದಿನವೂ ಹೇಳಿದವನಲ್ಲ. ಹೆಂಡತಿಯನ್ನು ಹೊಗಳಿದರೆ ನಾಲಗೆ ಸವೆದುಹೋಗುತ್ತದೆ ಎಂದು ನಂಬಿರುವ ಗಂಡಸರಲ್ಲಿ ಅವನೂ ಒಬ್ಬ.

ಜವರಯ್ಯ ಬಾಡಿಗೆ ಕಾರು ಓಡಿಸುತ್ತಾನೆ. ಕಾರಿಗೆ ವಯಸ್ಸಾಗಿದೆ, ಹಿಂದಿನ ಬಾಗಿಲು ಒಂದೇ ಏಟಿಗೆ ಹಾಕಿಕೊಳ್ಳುವುದಿಲ್ಲ. ಆದರೇನು, ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಕಾರು ತೊಳೆದು ಒರೆಸಿದರೆ ವಿಮಲಮ್ಮ ಆಯುಧಪೂಜೆಗೆ, ಯುಗಾದಿಗೆ, ಕೈ ಬಿಡುವಾದ ಅಮಾವಾಸ್ಯೆಗೆಲ್ಲ ಎಣ್ಣೆ ಬಟ್ಟಲು ಹಿಡಿದು ಚಕ್ರದ ಪಕ್ಕ ಕೂರುತ್ತಿದ್ದಳು. ಬಾಗಿಲಿನ ರಬ್ಬರು, ಚಕ್ರದ ಹಿಂದೆ ಇಳಿಬಿದ್ದ ಕರಿ ಪೈಪು, ಯಾವುದನ್ನೂ ಬಿಡದೆ ಹಚ್ಚುವುದು. “ಎಣ್ಣೆ ಕಂಡ ಮೈ ಸೀಳಾಕಿಲ್ಲ ಕಣ್ರೀ” ಎಂಬುದು ಅವಳ ಶಾಸ್ತ್ರ. ಜವರಯ್ಯನೂ ಆ ಹೊಳಪು ನೋಡಿ ಹಿಗ್ಗಿದವನೇ.

ಮಗಳು ರೂಪಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಪಿರಿಯಾಪಟ್ಟಣದ ಗಂಡನ ಮನೆಯಿಂದ ಅವಳನ್ನು ನಾಳೆ ಕರೆತರುವುದೆಂದು ಮಾತಾಗಿತ್ತು. ಇವತ್ತು ನೋಡಿದರೆ ಬ್ರೇಕಿನ ಪೆಡಲು ಬೆಂದ ಬದನೆಕಾಯಿಯ ಹಾಗೆ ಮೆತ್ತಗೆ. ತುಂಬಿದ ಬಸುರಿಯನ್ನು ಇಂಥ ಕಾರಿನಲ್ಲಿ ಕೂರಿಸುವುದುಂಟೇ? ಜವರಯ್ಯ ನಿಧಾನವಾಗಿ ಓಡಿಸಿಕೊಂಡು ಹುಣಸೂರಿನ ಗೌರೀಶನ ಗ್ಯಾರೇಜು ಸೇರಿದ. ಬಾಣಂತಿ ಸಾಮಾನು ತರುವುದಿದೆಯೆಂದು ಜೊತೆಗೆ ಬಂದಿದ್ದ ವಿಮಲಮ್ಮ ಪೇಟೆ ಕಡೆ ಹೋದಳು.

ಗೌರೀಶ್ ಮುಂದಿನ ಚಕ್ರ ಬಿಚ್ಚಿ, ಅದರ ಹಿಂದಿದ್ದ ಬ್ರೇಕಿನ ರಬ್ಬರು ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿದ. ಆಮೇಲೆ ತಾನೇ ಸೀಟಿಗೆ ಹತ್ತಿ, “ನಾನು ತುಳೀತೀನಿ, ನೀವೇ ನೋಡಣ್ಣ” ಎಂದ. ತುಳಿದಾಗಲೆಲ್ಲ ಪೈಪು ಕಪ್ಪೆಯ ಗಂಟಲಿನಂತೆ ಉಬ್ಬಿ ಉಬ್ಬಿ ಇಳಿಯಿತು.

ಗೌರೀಶ್ ಇಳಿದು ಬಂದು ಬೆರಳು ಮೂಸಿದ. “ಯಾರಣ್ಣ ಇದಕ್ಕೆ ಎಣ್ಣೆ ಹಚ್ಚಿದ್ದು? ಈ ರಬ್ಬರ್‌ಗೆ ಎಣ್ಣೆ ಆಗಾಕಿಲ್ಲ. ಕುಡ್ದು ಕುಡ್ದು ಊದ್ಕಂಡೈತೆ. ಇಂಗೇ ಬುಟ್ಟಿದ್ರೆ ಒಂದಿನ ಒಡೆದೋಯ್ತಿತ್ತು.”

ಹಚ್ಚಿದವಳು ಯಾರೆಂದು ಜವರಯ್ಯನಿಗೆ ಗೊತ್ತು. ಪೈಪು ಬದಲಾಯಿಸಿದರೆ ಮುಗಿಯಿತು. ಆದರೆ ಈ ಸಂಗತಿ ಗೊತ್ತಾದರೆ ವಿಮಲಮ್ಮನ ಗತಿಯೇನು? ಊರಿನ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿದವಳು, ತನ್ನ ಮೊದಲ ಮೊಮ್ಮಗುವಿಗೆ ಹಚ್ಚಲು ತಿಂಗಳುಗಟ್ಟಲೆ ಕಾದವಳು.

“ಅವಳ ಮುಂದೆ ಎಣ್ಣೆ ಮಾತು ಎತ್ಬ್ಯಾಡ ಕಣಪ್ಪ. ಇಲಿ ಕಡೀತು ಅನ್ನು” ಎಂದು ಗೋಗರೆದ.

ಗೌರೀಶ್ ಹಳೆಯ ಪೈಪುಗಳನ್ನು ಕಳಚಿ, ಹೊಸ ತಾಮ್ರದ ವಾಷರ್ ಹಾಕಿ ಹೊಸವನ್ನು ಕೂರಿಸಿದ. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಪೈಪು ಚಕ್ರಕ್ಕೆ ಉಜ್ಜುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಅಷ್ಟರಲ್ಲಿ ಚೀಲ ಹೊತ್ತು ಬಂದ ವಿಮಲಮ್ಮ ಇಲಿಯ ಕಥೆ ಕೇಳಿ ಕೆಂಡವಾದಳು.

“ಹಾಳಾದ್ ಇಲಿ! ಇವತ್ತು ಸಂಜೀಕೇ ಹೊಸ ಪೈಪಿಗೆ ಒಂದು ಕೈ ಜಾಸ್ತೀನೇ ಎಣ್ಣೆ ಹಚ್ತೀನಿ ಬುಡಿ. ಆ ವಾಸನೆಗೆ ಅದು ಹತ್ರ ಸುಳೀಬಾರದು.”

ಗೌರೀಶ್ ತಲೆ ಎತ್ತದೆ ಸ್ಪ್ಯಾನರ್ ಒರೆಸತೊಡಗಿದ. ಸುಳ್ಳಿಗೆ ಇನ್ನೊಂದು ತೇಪೆ ಹಾಕಬಹುದಿತ್ತು. ಆದರೆ ನಾಳೆ ಈ ಪೈಪಿನ ಮೇಲೆ ನಂಬಿಕೆಯಿಟ್ಟು ಕೂರುವವಳು ಮಗಳು. ಜವರಯ್ಯ ನೆಲ ನೋಡುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ವಿಮಲಮ್ಮ ಚೀಲ ಕೆಳಗಿಟ್ಟಳು. ತನ್ನ ಎರಡೂ ಅಂಗೈ ನೋಡಿಕೊಂಡಳು. “ಅಂಗಾರೆ ಇಷ್ಟ್ ದಿನ ನಿಮ್ಮನ್ನ ನಾನೇ ಸಾವಿನ ಬಾಯಿಗೆ ಕಳಿಸ್ತಿದ್ನಾ?” ಎಂದಳು.

“ಬುಡು ಬುಡು, ಅದೆಂಥ ಮಾತು!”

“ಕೂಸು ಹುಟ್ಟಿದ್ರೆ ನೀರು ಹಾಕಾಕೆ ಪಕ್ಕದ್ ಬೀದಿ ಚಿಕ್ಕಸಿದ್ದಮ್ಮನ್ನ ಕರೀರಿ. ನಾನು ಮುಟ್ಟಾಕಿಲ್ಲ.”

ಹೊಸ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ ಬಾಕಿಯಿತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲು ತುಳಿಯಲು, ಇನ್ನೊಬ್ಬರು ಚಕ್ರದ ಬಳಿ. ಜವರಯ್ಯ ಮಂಡಿ ನೋವೆಂದು ಇನ್ನೊಂದು ಸುಳ್ಳು ಹೇಳಿ, ಎಂದೂ ಆ ಸೀಟಿನಲ್ಲಿ ಕೂರದ ಹೆಂಡತಿಯನ್ನು ಅವಳ ಮನಸ್ಸು ಹಗುರಾಗಲೆಂದು ಹತ್ತಿಸಿದ. ಅವಳು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಕೂತಳು. “ತುಳೀರಿ ಅಕ್ಕ... ಅಂಗೇ ಹಿಡ್ಕಳಿ... ಈಗ ಬುಡಿ” ಎಂದು ಗೌರೀಶ್ ಕೆಳಗಿನಿಂದ ಕೂಗುತ್ತಿದ್ದ. ಅವನು ಚಕ್ರದ ಬಳಿ ಸಿಕ್ಕಿಸಿದ್ದ ಸಣ್ಣ ಕೊಳವೆಯಲ್ಲಿ ಗುಳ್ಳೆಗಳು ಬಂದವು, ಕಡಿಮೆಯಾದವು, ನಿಂತವು.

“ಈಗೆಂಗೈತೆ ಅಕ್ಕ?”

“ಕಲ್ಲಂಗೈತೆ ಕಣಪ್ಪ” ಎಂದಳು. ಮುಖ ಮಾತ್ರ ಅರಳಲಿಲ್ಲ.

ಮರುದಿನ ಮಗಳನ್ನು ಕರೆತರುವಾಗ ದಾರಿಗೆ ಕುರಿಮಂದೆ ಅಡ್ಡ ಬಂತು. ಬ್ರೇಕು ತುಳಿದೊಡನೆ ಕಾರು ಅತ್ತಿತ್ತ ಎಳೆಯದೆ ನಿಂತಿತು. ಪಕ್ಕದ ಸೀಟಿನಲ್ಲಿದ್ದ ವಿಮಲಮ್ಮನ ಬಲಗಾಲೂ ನೆಲವನ್ನು ಒತ್ತಿ ಹಿಡಿದಿದ್ದನ್ನು ಜವರಯ್ಯ ನೋಡಿದ. ಅಯ್ಯೋ ಪಾಪ ಅನ್ನಿಸಿತು.

ಮನೆಗೆ ಬಂದ ರೂಪಶ್ರೀ ಗೋಡೆಗೊರಗಿ ಕಾಲು ಚಾಚಿದಳು. “ಅವ್ವ, ಸೊಂಟ ಹಿಡ್ಕಂಡೈತೆ. ಒಸಿ ಎಣ್ಣೆ ಹಚ್ಚವ್ವ.”

ವಿಮಲಮ್ಮ ಗೂಡಿನಲ್ಲಿದ್ದ ಬಟ್ಟಲಿನವರೆಗೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕಣ್ಣಲ್ಲಿ ನೀರು ನಿಂತಿತ್ತು. ಮಗಳಿಗೆ ಏನೂ ಅರ್ಥವಾಗಲಿಲ್ಲ.

ಜವರಯ್ಯ ತಾನೇ ಬಟ್ಟಲು ಇಳಿಸಿದ. ಒಲೆಯ ಬಳಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಪಂಚೆ ಮೇಲೆತ್ತಿ, ಹೆಂಡತಿಯ ಮುಂದೆ ಬಲಗಾಲು ಚಾಚಿ ಕೂತ.

“ಮೊದ್ಲು ಈ ಕಾಲಿಗೆ ಹಚ್ಚಿ ನೋಡು. ಊದ್ಕಂಡ್ರೆ ಗೌರೀಶನ ತಾವ ಓಗಿ ಬದಲಾಯಿಸ್ಕಂಡು ಬತ್ತೀನಿ.”

ವಿಮಲಮ್ಮ ಅವನನ್ನೇ ನೋಡಿದಳು. ಅವನು ಅಷ್ಟಕ್ಕೇ ಬಿಡಲಿಲ್ಲ. “ಊರಿನ ಕೂಸುಗಳೆಲ್ಲ ಈ ಕೈಯಾಗೆ ಮೈ ತುಂಬ್ಕಂಡವು ಕಣಮ್ಮಿ. ಇಂಥ ಕೈ ಸುತ್ತೇಳು ಅಳ್ಳೀಲಿ ಇಲ್ಲ. ರಬ್ಬರು ಕೂಸಲ್ಲ, ಅಷ್ಟೇಯ.”

ಮದುವೆಯಾದ ಮೇಲೆ ಅವನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ವಿಮಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಕ್ಕಳು, ಅವನ ಕಾಲನ್ನು ಪಕ್ಕಕ್ಕೆ ತಳ್ಳಿದಳು.

“ನಿಮ್ದು ಆಮ್ಯಾಕೆ. ಮೊದ್ಲು ನನ್ ಮಗಳದು” ಎಂದು ಅಂಗೈಗೆ ಎಣ್ಣೆ ಸುರಿದುಕೊಂಡಳು.