ಉಪ್ಪುನೀರು ಚೆಲ್ಲಿದ ಜಾಗ

ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಡ್ರಮ್ಮಿನ ನೀರಿನಲ್ಲಿ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಬೇಕು. ತೇಲಿದ ಕಾಳು ಬಿಸಾಡಿ, ಮುಳುಗಿದ್ದನ್ನು ಸಿಹಿನೀರಲ್ಲಿ ಮೂರು ಸಲ ತೊಳೆಯಬೇಕು. ಉಪ್ಪು ಉಳಿದರೆ ಕಾಳು ನೀರು ಹೀರುವುದಿಲ್ಲ, ಮೊಳಕೆಯೊಡೆಯುವುದಿಲ್ಲ. ಇಷ್ಟೆಲ್ಲ ತಿಳಿದಿದ್ದ ನಾನು ಆ ಡ್ರಮ್ಮನ್ನು ನಮ್ಮ ಕಾಫಿ ನರ್ಸರಿಯ ಅಂಚಿನಲ್ಲೇ ಮಗುಚಿದೆ. ಹಳ್ಳಕ್ಕೆ ಬಿಟ್ಟರೆ ಕೆಳಗಿನವರ ಗದ್ದೆ ಸೇರುತ್ತದಲ್ಲ ಎಂಬ ಯೋಚನೆ.

ನರ್ಸರಿ ನೋಡಿಕೊಳ್ಳುತ್ತಿದ್ದ ಕೆಲಸದಾಕೆ, ನಾನು ಅಕ್ಕ ಎಂದೇ ಕರೆಯುತ್ತಿದ್ದವಳು, ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ ಮಾರಾಯ್ರೇ, ಕಾಫಿ ಗಿಡಾನ ಉಪ್ಪಿನಕಾಯಿ ಹಾಕ್ತೀರಾ?"

"ಒಂದು ಮಳೆ ಬಂದ್ರೆ ತೊಳೆದು ಹೋಗುತ್ತೆ ಅಕ್ಕ."

ಮಳೆ ಬರಲಿಲ್ಲ. ವಾರದೊಳಗೆ ಅಂಚಿನ ಸಸಿಗಳ ಎಲೆ ತುದಿಯಿಂದ ಸುಟ್ಟಂತೆ ಕಂದಾಯಿತು. ಬುಡ ಒದ್ದೆಯಿದ್ದರೂ ಗಿಡ ಬಾಡಿತು. ಹೆಚ್ಚು ನೀರು ಬಿಟ್ಟರೆ ಉಪ್ಪು ಕೆಳಗಿಳಿಯುತ್ತದೆ, ದಿನಾ ಬೆಳಿಗ್ಗೆ ಅಲ್ಲೇ ಪೈಪ್ ಹಿಡಿ ಎಂದು ಅವಳಿಗೆ ಹೇಳಿದೆ.

ಮಾರನೇ ದಿನ ಆ ಮಣ್ಣಿನಲ್ಲಿ ಗೊರಸಿನ ಗುರುತುಗಳಿದ್ದವು. ಅಲ್ಲಲ್ಲಿ ನೆಲ ನೆಕ್ಕಿದಂತೆ ನುಣುಪಾಗಿತ್ತು.

"ದನದ್ದಲ್ಲ ಇದು. ದೊಡ್ಡದು," ಎಂದಳು.

"ಪಕ್ಕದ ತೋಟದವರ ಹೋರಿ ಇರಬೇಕು," ಎಂದೆ. ನನ್ನ ಕಣ್ಣೆಲ್ಲ ಸಸಿಗಳ ಮೇಲಿತ್ತು.

ಮೂರನೇ ಬೆಳಿಗ್ಗೆ ಮಂಜು ಕವಿದಿತ್ತು. ನಾನು ಟ್ಯಾಂಕಿನ ಹತ್ತಿರ ವಾಲ್ವ್ ತಿರುಗಿಸುತ್ತಿದ್ದೆ. ಅಕ್ಕ ಪೈಪ್ ಎಳೆದುಕೊಂಡು ಹೋದಳು. ಬೇಲಿಯ ಬಳಿ ಬಂಡೆಯಂತೆ ಕಂಡದ್ದು ತಲೆಯೆತ್ತಿತು. ಕಾಟಿ, ಒಂಟಿ ಕಾಡುಕೋಣ. ಮೂತಿಗೆಲ್ಲ ಮಣ್ಣು ಮೆತ್ತಿತ್ತು. ನಾನು ಕೂಗಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಕೊಂಬಿನಿಂದ ಅವಳನ್ನು ಎತ್ತಿ ಸಸಿಗಳ ಮೇಲೆ ಎಸೆದು, ಅದು ತೋಟದೊಳಗೆ ನುಗ್ಗಿತು. ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಈಗಲೂ ನಲ್ಲಿ ತಿರುಗಿಸಿದಾಗೆಲ್ಲ ನಾನು ಬೇಲಿಯ ಕಡೆ ನೋಡುತ್ತೇನೆ.

ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು. ಇನ್ನು ಕುಕ್ಕರುಗಾಲಲ್ಲಿ ಕೂರಲಾಗದು ಎಂದರು ಚಿಕ್ಕಮಗಳೂರಿನ ಡಾಕ್ಟರು. ನರ್ಸರಿ ಕೆಲಸವೆಲ್ಲ ಕುಕ್ಕರುಗಾಲಲ್ಲೇ.

"ಅಷ್ಟು ದೊಡ್ಡ ಕಾಡು ಬಿಟ್ಟು ಅಲ್ಲಿಗ್ಯಾಕೆ ಬಂತು ಅದು?" ಹಾಸಿಗೆಯಿಂದ ಕೇಳಿದಳು.

"ಉಪ್ಪಿಗೆ ಅಕ್ಕ. ನಾನು ಚೆಲ್ಲಿದ ಉಪ್ಪಿಗೆ."

ಮುಖ ಗೋಡೆಯ ಕಡೆ ತಿರುಗಿಸಿದಳು. ಹಾಗೆಯೇ ಕೇಳಿದಳು: "ಆ ಮಣ್ಣು ತೆಗೆಸಿದ್ರಾ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದೀರಿ? ನಾಳೆ ಅಲ್ಲಿ ಪೈಪ್ ಹಿಡಿಯೋಕೆ ಇನ್ಯಾರನ್ನಾದ್ರೂ ಕಳಿಸ್ತೀರಲ್ಲ."